ಅರವತ್ತಕ್ಕೊಂದು ದೋಣಿ

ನಮ್ಮ ಸೀಮೆಯಲ್ಲಿ ಕೆಲಸವಿಲ್ಲದೆ ದೋಣಿ ಹತ್ತುತ್ತಿದ್ದವರು ದೇವರು ಮಾತ್ರ. ತೆಪ್ಪೋತ್ಸವದ ರಾತ್ರಿ ಸ್ವಾಮಿ ಅಮ್ಮನವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹೂವು ದೀಪಗಳ ಅಲಂಕಾರದಲ್ಲಿ ತೆಪ್ಪವೇರಿ, ಕಲ್ಯಾಣಿಯನ್ನೋ ಕೆರೆಯನ್ನೋ ಸುತ್ತುಹಾಕಿ, ಹತ್ತಿದ ಮೆಟ್ಟಿಲಿಗೇ ಬಂದು ಇಳಿಯುತ್ತಾನೆ. ಆಚೆ ದಡದಲ್ಲಿ ಅವನಿಗೆ ಸಂತೆಯಿಲ್ಲ, ಬೀಗರ ಮನೆಯಿಲ್ಲ, ತಾಲ್ಲೂಕು ಕಚೇರಿಯ ಕಾಗದವಿಲ್ಲ. ಸುಮ್ಮನೆ ತೇಲಿ ಬರುವ ಸುಖ. ಉಳಿದ ನರಮನುಷ್ಯರಿಗೆಲ್ಲ ದೋಣಿಯೆಂದರೆ ಆಚೆ ದಡದಲ್ಲಿ ಕಾದಿರುವ ಒಂದು ಕೆಲಸ. ಹೆಂಗಸರಿಗಂತೂ ಆ ಕೆಲಸ ತಮ್ಮದೇ ಆಗಿರುತ್ತಿದ್ದುದೂ ಅಪರೂಪ.

ಇದು ನನಗೆ ಹೊಳೆದದ್ದು ನಾವು ನಾಲ್ವರು ಗೆಳತಿಯರು ನಮ್ಮ ಅರವತ್ತಕ್ಕೆ ಒಂದು ದೋಣಿ ಪ್ರವಾಸ ಗೊತ್ತುಮಾಡಲು ಕುಳಿತಾಗ. ನಾವೆಲ್ಲ ಸಾಸ್ವೆಹಳ್ಳಿ ಹೋಬಳಿಯವರು. ಈಗ ಒಬ್ಬಳು ದಾವಣಗೆರೆಯಲ್ಲಿ, ಒಬ್ಬಳು ಶಿವಮೊಗ್ಗದಲ್ಲಿ, ನಾನು ಹೊನ್ನಾಳಿಯಲ್ಲಿ. ಒಬ್ಬಳು ಮಾತ್ರ ಊರು ಬಿಡದೆ ಸಾಸ್ವೆಹಳ್ಳಿಯಲ್ಲೇ ಉಳಿದು ಎರಡು ಎಮ್ಮೆ ಕಟ್ಟಿಕೊಂಡು ಡೇರಿಗೆ ಹಾಲು ಹಾಕುತ್ತಾಳೆ. ನಾಲ್ವರ ಜನ್ಮದಿನವೂ ಒಂದೇ: 1965ರ ಜೂನ್ 1. ಇದರಲ್ಲಿ ಗ್ರಹಗತಿಯ ಪವಾಡವೇನೂ ಇಲ್ಲ. ನಮ್ಮ ವಯಸ್ಸಿನ ಓದುಗರು ಈಗಾಗಲೇ ನಕ್ಕಿರುತ್ತಾರೆ. ಜನನ ಮರಣಗಳ ನೋಂದಣಿ ದೇಶಕ್ಕೆಲ್ಲ ಒಂದೇ ಕಾಯ್ದೆಯಾಗಿ ಕಡ್ಡಾಯವಾದದ್ದು 1969ರಲ್ಲಿ. ಅದಕ್ಕೂ ಮುಂಚೆ ಹುಟ್ಟಿದ ಹಳ್ಳಿಯ ಮಕ್ಕಳನ್ನು ಶಾಲೆಗೆ ಸೇರಿಸುವಾಗ ಅವ್ವ ಹೇಳುತ್ತಿದ್ದದ್ದು "ದೊಡ್ಡಮಳೆ ಬಂದು ಹೊಳೆ ತುಂಬಿದ ವರ್ಷ, ಗೌರಿಹಬ್ಬದ ಮುಂದೆ" ಎನ್ನುವ ಲೆಕ್ಕ. ಹೆಡ್‌ಮಾಸ್ತರರು ಶಾಲೆ ತೆರೆಯುವ ಕಾಲಕ್ಕೆ ವಯಸ್ಸು ಸರಿಹೋಗುವ ಹಾಗೆ ಜೂನ್ ಒಂದು ಎಂದು ಬರೆದುಕೊಳ್ಳುತ್ತಿದ್ದರು. ನಮ್ಮ ತಲೆಮಾರಿನ ಅರ್ಧ ಕರ್ನಾಟಕ ಜೂನ್ ಒಂದರಂದೇ ಹುಟ್ಟಿದೆ.

ಅದಿರಲಿ. ಆ ದಾಖಲೆಯ ಲೆಕ್ಕದಲ್ಲಿ ನಾವು ಹುಟ್ಟಿದ್ದು ವಿಶ್ವಾವಸು ಸಂವತ್ಸರದಲ್ಲಿ. ಅರವತ್ತು ಸಂವತ್ಸರಗಳ ಚಕ್ರ ಒಂದು ಸುತ್ತು ತಿರುಗಿ 2025ರ ಯುಗಾದಿಗೆ ಮತ್ತೆ ವಿಶ್ವಾವಸುವೇ ಬಂತು. ಹುಟ್ಟಿದ ಸಂವತ್ಸರವನ್ನು ಎರಡನೇ ಸಲ ನೋಡುವುದೇ ಒಂದು ಪುಣ್ಯವೆಂದು ಹಿರಿಯರು ಷಷ್ಟ್ಯಬ್ದಿ ಶಾಂತಿ ಇಟ್ಟರು. ಆದರೆ ಆ ಶಾಂತಿ ನಡೆಯುವುದು ಗಂಡನಿಗೆ ಅರವತ್ತು ತುಂಬಿದಾಗ. ಹೆಂಡತಿ ಪಕ್ಕದ ಮಣೆಯಲ್ಲಿ ಕುಳಿತು ಮತ್ತೊಮ್ಮೆ ತಾಳಿ ಕಟ್ಟಿಸಿಕೊಳ್ಳುತ್ತಾಳೆ, ಬಂದವರಿಗೆ ಅರಿಶಿನ ಕುಂಕುಮ ಕೊಡುತ್ತಾಳೆ. ಅವಳಿಗೇ ಅರವತ್ತು ತುಂಬಿದ ದಿನ ಮನೆಯಲ್ಲಿ ಎಂದಿನಂತೆ ಉಪ್ಪಿಟ್ಟು. ಇನ್ನು ಗಂಡ ಕಣ್ಮುಚ್ಚಿದ್ದರೆ ಮಣೆಯೂ ಇಲ್ಲ. ಸಾಸ್ವೆಹಳ್ಳಿಯ ನಮ್ಮ ಗೆಳತಿಗೆ ಯಜಮಾನರು ಹೋಗಿ ಮೂರು ವರ್ಷವಾಗಿತ್ತು. ಅವರ ಷಷ್ಟ್ಯಬ್ದಿಗೆ ನಾವೆಲ್ಲ ಉಂಡು ಬಂದಿದ್ದೆವು. "ನನ್ನ ಅರವತ್ತಕ್ಕೆ ಯಾರನ್ನ ಕರೀಲಿ, ಯಾತಕ್ಕೆ ಅಂತ ಕರೀಲಿ ಹೇಳ್ರೇ" ಎಂದು ಅವಳು ಫೋನಿನಲ್ಲಿ ನಗುತ್ತಾ ಹೇಳಿದ್ದೇ ಈ ಎಲ್ಲ ಸಡಗರಕ್ಕೆ ಮೂಲ. ನಗು ನಿಂತಮೇಲೆ ಫೋನಿನಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಶಿವಮೊಗ್ಗದವಳು, ನಮ್ಮೊಳಗೆ ನರ್ಸ್ ಆಗಿ ನಿವೃತ್ತಳಾದವಳು, "ನಡೀರೇ, ಹಡಗು ಹತ್ತಾಣ" ಎಂದಳು.

ಹಡಗು ಎಂದರೆ ನಮಗೆ ಗೊತ್ತಿದ್ದದ್ದು ಹರಿಗೋಲು. ನಮ್ಮಜ್ಜಿಯ ತವರು ಹೊಳೆಯ ಆಚೆ ಇತ್ತು. ಆಕೆ ಜೀವಮಾನದಲ್ಲಿ ಎಷ್ಟು ಸಲ ತುಂಗಭದ್ರೆ ದಾಟಿದಳೆಂದು ನಾನು ಚಿಕ್ಕಂದಿನಲ್ಲಿ ಕೇಳಿದ್ದಕ್ಕೆ ಬೆರಳು ಮಡಿಸಿ ಲೆಕ್ಕ ಕೊಟ್ಟಿದ್ದಳು: ಮದುವೆಯಾಗಿ ಬಂದದ್ದು, ಬಾಣಂತನಗಳಿಗೆ ಹೋದದ್ದು, ಕೂಸುಗಳನ್ನು ಎತ್ತಿಕೊಂಡು ತಿರುಗಿ ಬಂದದ್ದು, ಅಪ್ಪನ ಮಣ್ಣಿಗೆ, ಅವ್ವನ ಮಣ್ಣಿಗೆ, ತಮ್ಮನ ಲಗ್ನಕ್ಕೆ. ಬೇಸಿಗೆಯಲ್ಲಿ ಸೀರೆ ಎತ್ತಿ ಕಟ್ಟಿ ಮರಳಿನಲ್ಲಿ ನಡೆದೇ ದಾಟಿದ್ದು ಲೆಕ್ಕಕ್ಕಿಲ್ಲ. ಹೊಳೆ ತುಂಬಿದಾಗ ಹರಿಗೋಲಿಗೆ ಕಾಲಿಡುವ ಮುಂಚೆ ನೀರಿಗೆ ಅರಿಶಿನ ಕುಂಕುಮ, ಒಂದು ಕಾಸು. ಒಳಗೆ ಕುಕ್ಕರಗಾಲಿನಲ್ಲಿ ಕೂರಬೇಕು, ಅಲುಗಾಡಬಾರದು, ಅಂಬಿಗ ಬೈದರೆ ಎದುರಾಡಬಾರದು. ನೀರಿನ ಅಂದಚಂದ ನೋಡಿದೆಯಾ ಎಂದು ನಾನು ಕೇಳಲಿಲ್ಲ. ಕೇಳಿದ್ದರೂ ಆಕೆ ಕಣ್ಣುಮುಚ್ಚಿ ಕೂತಿದ್ದೆ ಎನ್ನುತ್ತಿದ್ದಳೇನೋ.

ಈ ಹರಿಗೋಲಿಗೆ ಬಹಳ ದೊಡ್ಡ ಸಾಕ್ಷಿಯಿದೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಆನೆಗೊಂದಿಗೆ ದಾಟುವ ದೋಣಿಗಳನ್ನು ಕಂಡು ಬೆರಗಾಗಿ ಬರೆದಿಟ್ಟಿದ್ದಾನೆ: ಬುಟ್ಟಿಯಂತೆ ದುಂಡಗಿವೆ, ಒಳಗೆ ಹೆಣಿಗೆ, ಹೊರಗೆ ತೊಗಲು, ಹದಿನೈದಿಪ್ಪತ್ತು ಜನ ಹಿಡಿಯುತ್ತವೆ, ನೆಟ್ಟಗೆ ಹೋಗದೆ ಸುತ್ತುತ್ತಲೇ ಹೋಗುತ್ತವೆ. ಐನೂರು ವರ್ಷಗಳಲ್ಲಿ ತೊಗಲು ಹೋಗಿ ಡಾಂಬರು ಬಳಿದ ತಾಟು ಬಂದಿದೆ, ಅಷ್ಟೇ. ಸುತ್ತುವುದು ಹಾಗೇ ಇದೆ. ಚನ್ನಗಿರಿಯಲ್ಲಿ ಹುಟ್ಟಿದನೆನ್ನುವ ಧೋಂಡಿಯ ವಾಘನನ್ನು ಬೆನ್ನಟ್ಟಿಕೊಂಡು ಆರ್ಥರ್ ವೆಲ್ಲೆಸ್ಲಿ 1800ರ ಜೂನ್‌ನಲ್ಲಿ ಹರಿಹರದ ಹತ್ತಿರ ಇದೇ ಹೊಳೆ ದಾಟಿದ. ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಆ ದಂಡನಾಯಕ ನಮ್ಮ ಬುಟ್ಟಿದೋಣಿಗಳನ್ನು ತನ್ನ ಸೈನ್ಯಕ್ಕಾಗಿ ಮಾಡಿಸಿಕೊಂಡಿದ್ದ. ಹರಿಹರಕ್ಕೆ ಕಲ್ಲಿನ ಸೇತುವೆ ಬಂದದ್ದು 1868ರಲ್ಲಿ. ಸೇತುವೆ ಬಂದಲ್ಲೆಲ್ಲ ಹರಿಗೋಲು ಹಿಂದೆ ಸರಿಯಿತು. ಈಗ ಹಂಪಿಯಲ್ಲಿ ಪ್ರವಾಸಿಗರು ಅದರಲ್ಲಿ ಕುಳಿತು ಕಿರುಚುತ್ತಾ ಗಿರಗಿರನೆ ತಿರುಗಿಸಿಕೊಳ್ಳುತ್ತಾರೆ. ನಮ್ಮಜ್ಜಿ ನೋಡಿದ್ದರೆ, ದುಡ್ಡು ಕೊಟ್ಟು ತಲೆಸುತ್ತು ಬರಿಸಿಕೊಳ್ಳುವವರಿಗೆ ಏನನ್ನುತ್ತಿದ್ದಳೋ.

ಹೊಳೆಯ ಮಾತಾಯಿತು. ಸಮುದ್ರದ್ದು ಇನ್ನೊಂದು ಕಥೆ. ಹಳಗನ್ನಡದ ಕವಿಗಳಿಗೆ ಹದಿನೆಂಟು ವರ್ಣನೆಗಳಲ್ಲಿ ಸಮುದ್ರವೂ ಒಂದು, ಜಲಕ್ರೀಡೆಯೂ ಒಂದು. ಕಾವ್ಯದಲ್ಲಿ ಇದ್ದರೆ ಸರಿ. ಮೇಲ್ಜಾತಿಯವರು ನಿಜವಾಗಿ ಸಮುದ್ರ ದಾಟಿದರೆ ಜಾತಿ ಹೋಗುತ್ತಿತ್ತು. ಜೈಪುರದ ಮಹಾರಾಜ ಎರಡನೆಯ ಮಾಧೋಸಿಂಗ್ 1902ರಲ್ಲಿ ಏಳನೇ ಎಡ್ವರ್ಡನ ಪಟ್ಟಾಭಿಷೇಕಕ್ಕೆ ಹೋಗಬೇಕಾದಾಗ ಒಲಿಂಪಿಯ ಎಂಬ ಹಡಗನ್ನೇ ಬಾಡಿಗೆಗೆ ಹಿಡಿದು, ಆಳೆತ್ತರದ ಬೆಳ್ಳಿ ಹಂಡೆಗಳಲ್ಲಿ ಗಂಗಾಜಲ ತುಂಬಿಸಿಕೊಂಡು ಹೋದ. ಒಂದೊಂದರ ತೂಕ ಮುನ್ನೂರು ಕಿಲೋ ಮೀರುತ್ತದೆ. ಆ ಹಂಡೆಗಳನ್ನು ಇಂದಿಗೂ ಜೈಪುರದ ಅರಮನೆಯಲ್ಲಿ ನೋಡಬಹುದು. ಐಷಾರಾಮಿ ಹಡಗು ಪ್ರಯಾಣವೆಂದರೆ ಇದಕ್ಕಿಂತ ಬೇರೆ ಬೇಕೆ? ಆದರೂ ಭಯದ ಪ್ರಯಾಣ. ಮಡಿ ಕೆಟ್ಟೀತೆಂಬ ಭಯ.

ನನಗೆ ಹೆಚ್ಚು ಮುಖ್ಯವಾಗಿ ಕಾಣುವವರು ಅವನಿಗಿಂತ ಮುಂಚೆಯೇ, ಹಂಡೆ ಗಿಂಡೆ ಇಲ್ಲದೆ ಹೋದ ಇಬ್ಬರು ಹೆಂಗಸರು. ರವೀಂದ್ರನಾಥ ಠಾಕೂರರ ಅತ್ತಿಗೆ ಜ್ಞಾನದಾನಂದಿನಿ ದೇವಿ 1877ರಲ್ಲಿ ಮೂರು ಪುಟ್ಟ ಮಕ್ಕಳನ್ನು ಕಟ್ಟಿಕೊಂಡು, ಮತ್ತೊಂದು ಬಸುರಿನಲ್ಲಿ, ಗಂಡ ಜೊತೆಗಿಲ್ಲದೆ ಇಂಗ್ಲೆಂಡಿಗೆ ಹಡಗು ಹತ್ತಿದರು. ಮುಂದೆ ಅವರ ಪತಿ ಸತ್ಯೇಂದ್ರನಾಥರು ನಮ್ಮ ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಇಂದು ನಾವು ಸೀರೆ ಉಡುವ ರೀತಿಗೆ, ನೆರಿಗೆ ಸೆರಗುಗಳ ಈ ಕ್ರಮಕ್ಕೆ, ಈ ಮಹಾತಾಯಿಯ ಕೊಡುಗೆಯಿದೆ. ಇನ್ನೊಬ್ಬಾಕೆ ಆನಂದಿಬಾಯಿ ಜೋಶಿ. ಹದಿನೆಂಟು ವರ್ಷದ ಹುಡುಗಿ, ಡಾಕ್ಟರಿಕೆ ಓದಲು 1883ರ ಏಪ್ರಿಲ್‌ನಲ್ಲಿ ಕಲ್ಕತ್ತದಿಂದ ಅಮೆರಿಕಕ್ಕೆ ಹೊರಟಳು. ಅವಳ ಗಂಡ ಕೂಡ ಜೊತೆಯಲ್ಲಿರಲಿಲ್ಲ. 1886ರಲ್ಲಿ ಪದವಿ ಪಡೆದು, ಕ್ಷಯ ಹಿಡಿಸಿಕೊಂಡು ಬಂದು, ಮರುವರ್ಷ ತೀರಿಕೊಂಡಳು. ಇವರಿಬ್ಬರೂ ದೊಡ್ಡ ಕೆಲಸದ ಮೇಲೆ ಹೋದವರು. ಕರಾವಳಿಯಲ್ಲಿ ಮಂಗಳೂರು ಮುಂಬಯಿಗಳ ನಡುವೆ ಓಡುತ್ತಿದ್ದ ಸ್ಟೀಮರುಗಳಲ್ಲಿ ಡೆಕ್ಕಿನ ಟಿಕೇಟು ಹಿಡಿದು, ಚಾಪೆ ಹಾಸಿ, ಬುತ್ತಿ ಬಿಚ್ಚಿ, ವಾಂತಿ ಮಾಡುವ ಮಕ್ಕಳನ್ನು ಸುಧಾರಿಸುತ್ತಿದ್ದ ಹೆಂಗಸರದ್ದೂ ಕೆಲಸದ ಪ್ರಯಾಣವೇ: ಗಂಡನ ಬಿಡಾರಕ್ಕೆ ಅಡಿಗೆ ಮಾಡಲು.

ಹಾಗಾದರೆ ದೇವರಂತೆ ಸುಮ್ಮನೆ ಸುತ್ತಿ ಬರುವ ಹಡಗನ್ನು ಮನುಷ್ಯರಿಗೆ ಕಲಿಸಿದವರು ಯಾರು? ವ್ಯಾಪಾರಿಗಳು. ಹ್ಯಾಂಬರ್ಗಿನ ಹಡಗು ಕಂಪನಿಯೊಂದರಲ್ಲಿದ್ದ ಆಲ್ಬರ್ಟ್ ಬಾಲಿನ್ ಎಂಬಾತನಿಗೆ ಒಂದು ಚಿಂತೆ. ಚಳಿಗಾಲದಲ್ಲಿ ಅಟ್ಲಾಂಟಿಕ್ ದಾಟುವವರು ಕಡಿಮೆ, ದೊಡ್ಡ ಹಡಗುಗಳು ಬಂದರಿನಲ್ಲಿ ಖಾಲಿ ನಿಂತು ನಷ್ಟ. 1891ರ ಜನವರಿಯಲ್ಲಿ ಆಗಸ್ಟ ವಿಕ್ಟೋರಿಯ ಎಂಬ ಹಡಗಿನಲ್ಲಿ 241 ಜನ ಸಿರಿವಂತರನ್ನು ಕೂರಿಸಿ ಮೆಡಿಟರೇನಿಯನ್ ಸಮುದ್ರ ಸುತ್ತಿಸಿ, ಹೊರಟ ಊರಿಗೇ ತಂದುಬಿಟ್ಟ. ಜೊತೆಯವರು ಹುಚ್ಚೆಂದರಂತೆ. ಪ್ರವಾಸ ಯಶಸ್ವಿಯಾಯಿತು. 1900ರಲ್ಲಿ ಇದೇ ಉದ್ದೇಶಕ್ಕೆಂದು ಬೇರೆ ಹಡಗನ್ನೇ ಕಟ್ಟಿಸಿದರು. ಎಲ್ಲವೂ ಮೊದಲ ದರ್ಜೆಯ ಕೋಣೆಗಳು, ಸರಕಿಗೆ ಜಾಗವಿಲ್ಲ. ಆರೇ ವರ್ಷದಲ್ಲಿ ಅದು ಜಮೈಕಾದ ಬಳಿ ದಡಕ್ಕೆ ಬಡಿದು ಹಾಳಾಯಿತು. ಕಲ್ಪನೆ ಮಾತ್ರ ಉಳಿಯಿತು.

ಇಷ್ಟೆಲ್ಲ ಇತಿಹಾಸ ಬೆನ್ನಿಗಿಟ್ಟುಕೊಂಡು ನಾವು ಆರಿಸಲು ಕುಳಿತೆವು. ದಾವಣಗೆರೆಯವಳ ಮಗಳು ಮೊದಲು ತೋರಿಸಿದ್ದು ಮುಂಬಯಿಯ ದೊಡ್ಡ ಹಡಗು, ಕಾರ್ಡೇಲಿಯಾದವರ ಎಂಪ್ರೆಸ್. 1990ರಲ್ಲಿ ಕಟ್ಟಿದ್ದು, 2021ರಲ್ಲಿ ನಮ್ಮ ಕಡಲಿಗೆ ಬಂದದ್ದು. ಹನ್ನೊಂದು ಅಂತಸ್ತು, ಸಾವಿರದೈನೂರಕ್ಕೂ ಮೀರಿ ಜನ, ಈಜುಕೊಳ, ನಾಟಕಶಾಲೆ, ಜೂಜಿನ ಕೋಣೆ. ಚಿತ್ರ ನೋಡಿ ಸಾಸ್ವೆಹಳ್ಳಿಯವಳು, "ಇದು ಹಡಗಲ್ಲವ್ವಾ, ದಾವಣಗೆರೆ ಪೇಟೆ. ಇದರೊಳಗೆ ನಾ ಕಳೆದುಹೋದ್ರೆ ನಿಮಗೆ ಮೂರು ದಿನ ಗೊತ್ತೇ ಆಗಾದಿಲ್ಲ" ಎಂದಳು. ಅವಳು ಹೇಳಿದ್ದು ತಮಾಷೆಗೇ. ಆದರೆ ನನಗೆ ಅದರಲ್ಲಿ ಹುರುಳು ಕಂಡಿತು. ನಾವು ಹೊರಟದ್ದು ನಾಲ್ವರು ಒಬ್ಬರಿಗೊಬ್ಬರು ಸಿಗಲು. ಊಟದ ಮೇಜು ಹುಡುಕುವುದರಲ್ಲೇ ದಿನ ಕಳೆದರೆ ಏನು ಬಂತು? ದೊಡ್ಡ ಹಡಗು ಬೇಡವೆಂದು ಅಲ್ಲಿಗೇ ತೀರ್ಮಾನವಾಯಿತು.

ಸಣ್ಣದರಲ್ಲಿ ಅತಿ ಶ್ರೀಮಂತವಾದದ್ದು ಗಂಗಾ ವಿಲಾಸ. 2023ರ ಜನವರಿ 13ರಂದು ವಾರಾಣಸಿಯಿಂದ ಹೊರಟ ಈ ನದಿ ಹಡಗಿನಲ್ಲಿ ಹದಿನೆಂಟೇ ಕೋಣೆ, ಮೂವತ್ತಾರೇ ಜನ. ಬಾಂಗ್ಲಾದೇಶ ಹಾದು ಅಸ್ಸಾಮಿನ ದಿಬ್ರುಗಢದವರೆಗೆ ಐವತ್ತೊಂದು ದಿನ, ಮೂರು ಸಾವಿರದ ಇನ್ನೂರು ಕಿಲೋಮೀಟರು. ಕಾಶಿಯ ಹೆಸರು ಕೇಳಿ ಮನಸ್ಸು ಜಾರಿದ್ದು ನಿಜ. ಆದರೆ ಪೂರ್ತಿ ಯಾತ್ರೆಗೆ ಲಕ್ಷಗಟ್ಟಲೆ ಎಂದು ಕೇಳಿ ಎಮ್ಮೆಯವಳು ಲೀಟರಿನ ಲೆಕ್ಕ ಹಾಕತೊಡಗಿದಳು. ಲೆಕ್ಕ ಮುಂದಿನ ಎರಡು ಜನ್ಮಕ್ಕೆ ಹೋಯಿತು.

ಲಕ್ಷದ್ವೀಪದ ಮೇಲೆ ಮಾತ್ರ ನನಗೆ ನಿಜವಾದ ಆಸೆಯಿತ್ತು, ಈಗಲೂ ಇದೆ. ಕೊಚ್ಚಿಯಿಂದ ಹೊರಡುವ ಐದು ದಿನದ ಸಮುದ್ರಂ ಪ್ರವಾಸ: ರಾತ್ರಿ ಕವರತ್ತಿ ಹಡಗಿನಲ್ಲಿ ನಿದ್ದೆ, ಹಗಲು ಕವರತ್ತಿ, ಕಲ್ಪೇನಿ, ಮಿನಿಕಾಯ್ ದ್ವೀಪಗಳಲ್ಲಿ ತಿರುಗಾಟ. ಆಸೆಗೆ ಕಾರಣ ಬರೀ ನೀಲಿ ನೀರಲ್ಲ. ಆ ದ್ವೀಪಗಳಲ್ಲಿ ಅರ್ಧದಷ್ಟು ಒಂದು ಕಾಲಕ್ಕೆ ನಮ್ಮ ಮಂಗಳೂರಿನ ಆಡಳಿತದಲ್ಲಿದ್ದವು. ಅಮೀನಿ, ಕದ್ಮತ್, ಕಿಲ್ತಾನ್, ಚೆತ್ಲತ್, ಬಿತ್ರ ಇವು ಅಮೀನಿದೀವಿ ದ್ವೀಪಗಳು. 1787ರಲ್ಲಿ ಟಿಪ್ಪುವಿನ ಕೈಸೇರಿ, 1799ರ ನಂತರ ಕಂಪನಿ ಸರ್ಕಾರದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿಕೊಂಡು, 1956ರ ನವೆಂಬರ್ 1ರಂದು ಕೇಂದ್ರಾಡಳಿತ ಪ್ರದೇಶವಾಗುವ ತನಕ ಹಾಗೇ ಇದ್ದವು. ಅಂದರೆ ನಾವು ಏಕೀಕರಣದ ಸಂಭ್ರಮ ಮಾಡಿದ ದಿನವೇ ಆ ದ್ವೀಪಗಳು ಮಂಗಳೂರಿನಿಂದ ಬೇರೆಯಾದವು. ದ್ವೀಪದಲ್ಲಿ ಭತ್ತ ಬೆಳೆಯುವುದಿಲ್ಲ. ಹೆಂಗಸರು ತೆಂಗಿನ ಸಿಪ್ಪೆ ನೆನೆಹಾಕಿ, ಬಡಿದು, ನಾರು ತೆಗೆದು, ಹುರಿ ಹೊಸೆಯುತ್ತಿದ್ದರು; ಗಂಡಸರು ಅದನ್ನು ಹಾಯಿದೋಣಿಯಲ್ಲಿ ಮಂಗಳೂರಿಗೆ ತಂದು ಸರ್ಕಾರಕ್ಕೆ ಕೊಟ್ಟು ಅಕ್ಕಿ ಒಯ್ಯುತ್ತಿದ್ದರು. ಹುರಿ ಹೊಸೆದವಳು ದಡದಲ್ಲೇ ಉಳಿದಳು, ಹುರಿ ಸಮುದ್ರ ದಾಟಿತು.

ಆಸೆಗೆ ಅಡ್ಡ ಬಂದದ್ದು ಮೊಣಕಾಲು. ಹಡಗು ಕೆಲವು ಕಡೆ ಆಳದ ನೀರಲ್ಲಿ ನಿಲ್ಲುತ್ತದೆ, ಅಲ್ಲಿಂದ ಅಲೆಗಳ ಮೇಲೆ ಏಳುತ್ತಾ ಬೀಳುತ್ತಾ ಇರುವ ಸಣ್ಣ ದೋಣಿಗೆ ಇಳಿಯಬೇಕು. ದಾವಣಗೆರೆಯವಳು ಎರಡೂ ಮೊಣಕಾಲಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವಳು. ನರ್ಸಮ್ಮ ಖಡಾಖಂಡಿತವಾಗಿ ಬೇಡವೆಂದಳು. ಮೇಲೆ ಪ್ರವೇಶದ ಪರವಾನಗಿ, ಅದರ ಕಾಗದಪತ್ರ. ಇನ್ನು ನಮ್ಮ ದಾಖಲೆಯ ಹುಟ್ಟುಹಬ್ಬವಂತೂ ಮುಂಗಾರು ಕೇರಳಕ್ಕೆ ಕಾಲಿಡುವ ದಿನ. ಜೂನ್ ಒಂದು ಎಂದು ಬರೆದ ಮಾಸ್ತರರಿಗೆ ಸಮುದ್ರದ ಯೋಚನೆ ಇರಲಿಲ್ಲ! ಹಾಗಾಗಿ ಯಾವ ದೋಣಿಯಾದರೂ ಜನವರಿಗೇ ಎಂದು ಮುಂದೆ ಹಾಕಿದೆವು. ವಿಶ್ವಾವಸು ಮುಗಿಯುವುದರೊಳಗೆ ಆಗಬೇಕೆನ್ನುವುದಷ್ಟೇ ನಮ್ಮ ಹಟ.

ಈ ನಡುವೆ ಸಾಸ್ವೆಹಳ್ಳಿಯವಳ ಮಗ ಒಂದು ಮಾತು ಆಡಿದ. ಒಳ್ಳೆಯ ಹುಡುಗ, ತಾಯಿಯೆಂದರೆ ಪ್ರಾಣ. "ಅಷ್ಟು ದೂರ ಯಾಕವ್ವಾ, ದೋಣಿಯೇ ಬೇಕಂದ್ರೆ ಸೂಳೆಕೆರೆಗೆ ಕಾರಲ್ಲಿ ಕರ್ಕಂಡು ಹೋಗ್ತೀನಿ, ಒಂದು ರೌಂಡು ಹೊಡ್ಕಂಡು ಸಾಯಂಕಾಲಕ್ಕೆ ಬರಾಣ." ಸೂಳೆಕೆರೆ ಸಾಮಾನ್ಯವಾದದ್ದೇನಲ್ಲ. ಶಾಂತವ್ವ ಎಂಬ ಹೆಣ್ಣುಮಗಳು ಕಟ್ಟಿಸಿದಳೆಂದು ಐತಿಹ್ಯವಿರುವ, ಅವಳ ಹೆಸರಿನಿಂದಲೇ ಶಾಂತಿಸಾಗರವೆನಿಸಿದ, ನಮ್ಮ ಚನ್ನಗಿರಿ ಸೀಮೆಯ ಕಡಲು ಅದು. ಆದರೆ ಗೆಳತಿ ಅಂದದ್ದು ಬೇರೆ: "ಸಾಯಂಕಾಲಕ್ಕೆ ಬಂದ್ರೆ ಒಲೆ ಹಚ್ಚಾದು ಯಾರಪ್ಪಾ?" ಮಗ ಸುಮ್ಮನಾದ. ಸೊಸೆ ಒಳಗಿನಿಂದ ನಕ್ಕಳಂತೆ. ಹಾಲಿನ ಬಟವಾಡೆಯಲ್ಲಿ ಚೀಟಿ ಕಟ್ಟಿ ಅವಳು ಕೂಡಿಸಿಟ್ಟ ಹಣ ಅವಳದ್ದೇ. ಮಗನ ಒಪ್ಪಿಗೆ ಕಾನೂನಿನಂತೆ ಬೇಕಿರಲಿಲ್ಲ. ಬೇಕಿದ್ದದ್ದು ಬೇರೆ. ಗಂಡ ಸತ್ತ ಹೆಂಗಸು ಸಂಭ್ರಮಕ್ಕೆಂದು ಹೊರಟಳಂತೆ ಎನ್ನುವ ಓಣಿಯ ಮಾತಿಗೆ ಮನೆಯಲ್ಲಿ ಒಬ್ಬರಾದರೂ ಅಡ್ಡ ನಿಲ್ಲಬೇಕಿತ್ತು. ಎರಡು ದಿನ ಬಿಟ್ಟು ಆ ಸೊಸೆಯೇ ನನಗೆ ಫೋನ್ ಮಾಡಿ, "ಎಮ್ಮೆ ನಾನು ನೋಡ್ಕಂತೀನಿ ಆಂಟಿ, ಅತ್ತೆನ ಕರ್ಕಂಡು ಹೋಗ್ರಿ" ಎಂದಳು.

ಕೊನೆಗೆ ನಾವು ಹಿಡಿದದ್ದು ಆಲಪ್ಪುಳದ ದೋಣಿಮನೆ. ಅದರ ಮೂಲ ಹೆಸರು ಕೆಟ್ಟುವಳ್ಳಂ, ಕಟ್ಟಿದ ದೋಣಿ ಎಂದರ್ಥ. ಹೆಬ್ಬಲಸಿನ ಹಲಗೆಗಳನ್ನು ಒಂದೇ ಒಂದು ಮೊಳೆಯಿಲ್ಲದೆ ತೆಂಗಿನ ಹುರಿಯಿಂದ ಹೊಲಿದು ಮಾಡಿದ್ದು. ಅದೇ ಹುರಿ! ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿರುವ ಕುಟ್ಟನಾಡಿನ ಗದ್ದೆಗಳಿಂದ ಭತ್ತ ಸಾಗಿಸುತ್ತಿದ್ದ ದೋಣಿಗಳಿವು. ರಸ್ತೆ, ಲಾರಿ ಬಂದಮೇಲೆ ಹರಿಗೋಲಿನಂತೆ ಇವೂ ಕೆಲಸವಿಲ್ಲದೆ ಮೂಲೆ ಸೇರಿದವು. 1990ರ ದಶಕದ ಆರಂಭದಲ್ಲಿ ಯಾರೋ ಜಾಣರು ಅದರ ಮೇಲೆ ಬಿದಿರು ಚಾಪೆಯ ಮಾಡು ಕಟ್ಟಿ, ಮಲಗುವ ಕೋಣೆ, ಬಚ್ಚಲು, ಅಡಿಗೆಮನೆ ಇಟ್ಟು ಪ್ರವಾಸಿಗರನ್ನು ಕೂರಿಸಿದರು. ಬಾಲಿನ್ ಸಾಹೇಬನ ಲೆಕ್ಕವೇ ಇದು, ಖಾಲಿ ದೋಣಿ ದುಡಿಯಬೇಕು. ಈಗ ಅಲ್ಲಿ ಇಂಥವು ಅತಿಯಾಗಿ, ಡೀಸೆಲ್ಲು ಕೊಳಕು ವೆಂಬನಾಡು ಕೆರೆಗೆ ಸೇರುತ್ತಿರುವುದನ್ನೂ ಹೇಳದಿದ್ದರೆ ತಪ್ಪಾದೀತು. ಆದ್ದರಿಂದ ದೋಣಿಯ ಕೊಳಚೆ ಎಲ್ಲಿಗೆ ಹೋಗುತ್ತದೆಂದು ಕೇಳಿದ ಮೇಲೆಯೇ ನಾವು ಬಾಡಿಗೆ ಕೇಳಿದ್ದು. ಮೂವರು ಈ ಪ್ರಶ್ನೆಗೆ ಸರಿಯಾಗಿ ಉತ್ತರಿಸಲಿಲ್ಲ, ನಾಲ್ಕನೆಯವನು ಉತ್ತರಿಸಿದ.

ಇನ್ನೂ ಕೆಲವು ಕೇಳಿದೆವು. 2023ರ ಮೇ 7ರಂದು ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ಮೀನಿನ ದೋಣಿಯನ್ನು ವಿಹಾರದ ದೋಣಿಯಾಗಿ ಮಾರ್ಪಡಿಸಿ, ಮಿತಿಮೀರಿ ಜನರನ್ನು ತುಂಬಿ, ಕತ್ತಲಾದ ಮೇಲೆ ಓಡಿಸಿ ಇಪ್ಪತ್ತೆರಡು ಜೀವಗಳು ಹೋದವು; ಅವರಲ್ಲಿ ಮಕ್ಕಳೇ ಹೆಚ್ಚು. ಆದ್ದರಿಂದ ಪರವಾನಗಿಯ ಪ್ರತಿ, ತಲೆಗೊಂದು ತೇಲುವ ಅಂಗಿ, ಬೆಂಕಿ ಆರಿಸುವ ಸಿಲಿಂಡರು ಇವನ್ನು ಚಿತ್ರ ಸಮೇತ ತರಿಸಿಕೊಂಡೆವು. ಎ.ಸಿ. ರಾತ್ರಿ ಮಾತ್ರವೋ ಹಗಲೂ ಉಂಟೋ ಎನ್ನುವುದು ಆಮೇಲಿನ ಪ್ರಶ್ನೆ. ಸಂಜೆ ಐದೂವರೆ ಆರಕ್ಕೆಲ್ಲ ದೋಣಿ ದಡಕ್ಕೆ ಕಟ್ಟಿಬಿಡುತ್ತಾರೆ, ರಾತ್ರಿಯ ನೀರು ಬಲೆ ಹಾಕುವ ಮೀನುಗಾರರದ್ದು. ಈ ಕಟ್ಟುಪಾಡು ನನಗೆ ಬಹಳ ಹಿಡಿಸಿತು. ಕೆಲಸವಿದ್ದವರಿಗೆ ನೀರು ಬಿಟ್ಟುಕೊಟ್ಟು ಕೆಲಸವಿಲ್ಲದವರು ಸುಮ್ಮನಿರುವುದು ನ್ಯಾಯವೇ.

ಐಷಾರಾಮದ ದೋಣಿಯೇ ಬೇಕೆಂದು ನಾವು ಸ್ವಲ್ಪ ಹೆಚ್ಚಿಗೆ ಕೊಟ್ಟು ಎರಡು ಕೋಣೆಯದ್ದನ್ನು ಹಿಡಿದೆವು, ಎರಡು ಹಗಲು ಎರಡು ರಾತ್ರಿ. ಗಾಜಿನ ಕಿಟಕಿ, ಮೇಲಂತಸ್ತಿನ ಒರಗುಕುರ್ಚಿ ಎಲ್ಲ ಇದೆ. ದೋಣಿಯವನು ಇವನ್ನೆಲ್ಲ ವರ್ಣಿಸುತ್ತಿದ್ದರೆ ನಮ್ಮ ಗೆಳತಿ ಕೇಳಿದ್ದು ಒಂದೇ, ಅಡಿಗೆಯವನು ಎಷ್ಟು ಹೊತ್ತಿಗೆ ಏಳುತ್ತಾನೆ? "ನೀವು ಎಷ್ಟು ಗಂಟೆಗೆ ಚಹಾ ಬೇಕು ಹೇಳಿ ಅಮ್ಮಾ, ಆ ಹೊತ್ತಿಗೆ" ಎಂದನಂತೆ. ನಲವತ್ತು ವರ್ಷ ಬೆಳಗಿನ ನಾಲ್ಕೂವರೆಗೆ ಎದ್ದು ಹಾಲು ಕರೆದವಳು ಈ ಮಾತನ್ನು ನಮಗೆ ಮೂರು ಸಲ ಹೇಳಿದಳು. ಏಳು ಗಂಟೆಗೆ ಎಂದು ಗೊತ್ತುಮಾಡಿದ್ದಾಳೆ. ಆಮೇಲೆ ಯೋಚಿಸಿ ಏಳೂವರೆಗೆ ಎಂದು ಬದಲಾಯಿಸಿದ್ದಾಳೆ.

ಮುಂಗಡ ಕಟ್ಟಿ ರಸೀದಿ ತರಿಸಿಕೊಂಡಿದ್ದೇವೆ. ಹೊರಡುವುದು ಸಂಕ್ರಾಂತಿ ಕಳೆದ ಮೇಲೆ. ಎಳ್ಳುಬೆಲ್ಲ ಬೀರುವ ದಿನ ಮನೆಯಲ್ಲಿಲ್ಲದಿದ್ದರೆ ಆಗದು. ಪುಸ್ತಕದಲ್ಲಿ ಬರೆದುಕೊಳ್ಳಲು ದೋಣಿಯವನು ಹುಟ್ಟುಹಬ್ಬ ಯಾರದ್ದೆಂದು ಕೇಳಿದ. ನಾಲ್ಕು ಹೆಸರೂ ಒಂದೇ ತಾರೀಖೂ ಹೇಳಿದೆವು. ಅವಳಿಜವಳಿಯೇ ಎಂದು ಅವನು ಗಾಬರಿಯಾದ. ಹೌದು ಎಂದಳು ನರ್ಸಮ್ಮ.